ಮೂರು ದಿನಗಳ ಬಲಾಬಲ

ತಿಂಗಳಲ್ಲಿ ಮೂರು ದಿನ ಹೆಣ್ಣು ದುರ್ಬಲಳು ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಹಳೆಯ ಮನೆಗಳಲ್ಲಿ ‘ಹೊರಗಾಗಿದ್ದಾಳೆ’ ಎಂಬ ಒಂದೇ ಮಾತು ಅವಳನ್ನು ಅಡಿಗೆಮನೆಯಿಂದಲೂ ದೇವರ ಮನೆಯಿಂದಲೂ ದೂರವಿಡಲು ಸಾಕಾಗುತ್ತಿತ್ತು. ಅದು ಮಡಿಯ ಮಾತು, ಸಂಪ್ರದಾಯದ ಮಾತು ಎಂದು ನಾವು ಬಲ್ಲೆವು. ಆದರೆ ಮಡಿಯ ಗಂಧವೇ ಇಲ್ಲದ ನಾಡಿನಲ್ಲಿಯೂ, ವಿಜ್ಞಾನದ ಹೆಸರಿನಲ್ಲಿಯೇ, ಹೆಣ್ಣನ್ನು ಹೀಗೆ ಹೊರಗಿಡಹೊರಟ ಕಾಲವೊಂದಿತ್ತು. ಆ ತೀರ್ಪನ್ನು ಕೆಲವು ಹೆಂಗಸರು ವಾದದಿಂದ ಮಾತ್ರವಲ್ಲ, ಅಳತೆಯಿಂದ ತಿದ್ದಿದರು. ಆ ಕಥೆ ಇಂದಿಗೂ ನೆನೆಯತಕ್ಕದ್ದಾಗಿದೆ.

೧೮೭೩ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾಕ್ಟರ್ ಎಡ್ವರ್ಡ್ ಕ್ಲಾರ್ಕ್ ಎಂಬುವರು ಹೆಣ್ಣುಮಕ್ಕಳ ಶಿಕ್ಷಣವನ್ನು ಕುರಿತು ಒಂದು ಚಿಕ್ಕ ಪುಸ್ತಕ ಬರೆದರು. ಅವರು ಹಾರ್ವರ್ಡ್ ವೈದ್ಯ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು; ಅವರ ಮಾತಿಗೆ ತೂಕವಿತ್ತು. ದೇಹದಲ್ಲಿರುವ ಶಕ್ತಿ ಪೆಟ್ಟಿಗೆಯಲ್ಲಿಟ್ಟ ಹಣದ ಹಾಗೆ, ಒಂದು ಕಡೆ ವೆಚ್ಚ ಮಾಡಿದರೆ ಇನ್ನೊಂದು ಕಡೆಗೆ ಉಳಿಯದು ಎಂಬುದು ಅವರ ವಾದದ ತಿರುಳು. ಋತುಮತಿಯಾಗುವ ವಯಸ್ಸಿನಲ್ಲಿ ಹುಡುಗಿ ಗಂಡುಹುಡುಗರಂತೆ ಎಡೆಬಿಡದೆ ಓದಿದರೆ ಶಕ್ತಿಯೆಲ್ಲ ತಲೆಗೇರಿ ಗರ್ಭಾಂಗಗಳು ಸೊರಗುತ್ತವೆ ಎಂದರು. ಮುಟ್ಟಿನ ದಿನಗಳಲ್ಲಿ ಓದಿಗೂ ಶ್ರಮಕ್ಕೂ ಬಿಡುವು ಬೇಕೆಂದರು. ಆಧಾರವೇನು? ತಮ್ಮಲ್ಲಿಗೆ ಚಿಕಿತ್ಸೆಗೆ ಬಂದ ಕೆಲವೇ ಹುಡುಗಿಯರ ಕಥೆಗಳು. ಆದರೂ ಪುಸ್ತಕ ಮತ್ತೆಮತ್ತೆ ಅಚ್ಚಾಯಿತು.

ಇದಕ್ಕೆ ಉತ್ತರ ಕೊಟ್ಟವರು ನ್ಯೂಯಾರ್ಕಿನ ಡಾಕ್ಟರ್ ಮೇರಿ ಪಟ್ನಮ್ ಜಾಕೋಬಿ. ಪ್ಯಾರಿಸ್ಸಿನ ವೈದ್ಯ ಕಾಲೇಜಿನಲ್ಲಿ ಹಟ ಹಿಡಿದು ಪ್ರವೇಶ ಪಡೆದು, ೧೮೭೧ರಲ್ಲಿ ಪದವಿ ಗಳಿಸಿದ್ದ ಮಹಿಳೆ. ಮುಟ್ಟಿನ ಕಾಲದಲ್ಲಿ ಸ್ತ್ರೀಯರಿಗೆ ವಿಶ್ರಾಂತಿ ಅಗತ್ಯವೇ ಎಂಬ ಪ್ರಶ್ನೆಯನ್ನು ಹಾರ್ವರ್ಡಿನ ಬಾಯ್ಲ್‌ಸ್ಟನ್ ಬಹುಮಾನದ ಪ್ರಬಂಧಕ್ಕೆ ವಿಷಯವಾಗಿ ಕೊಟ್ಟಿದ್ದರು. ಬರೆದವರ ಹೆಸರು ಪರೀಕ್ಷಕರಿಗೆ ತಿಳಿಯದಂತೆ ಪ್ರಬಂಧ ಕಳುಹಿಸುವುದು ಅಲ್ಲಿನ ಪದ್ಧತಿ. ಜಾಕೋಬಿ ಪ್ರಶ್ನಾವಳಿಯೊಂದನ್ನು ಹಂಚಿದರು; ೨೬೮ ಹೆಂಗಸರಿಂದ ಉತ್ತರ ಬಂತು. ಅಷ್ಟಕ್ಕೆ ನಿಲ್ಲದೆ ಕೆಲವರ ನಾಡಿಯ ಗತಿಯನ್ನು ಯಂತ್ರದಿಂದ ಬರೆಸಿದರು, ಬಲಮಾಪಕವನ್ನು ಕೈಗೆ ಕೊಟ್ಟು ಸ್ನಾಯುಬಲವನ್ನು ತಿಂಗಳ ಬೇರೆಬೇರೆ ದಿನಗಳಲ್ಲಿ ಅಳೆದರು. ಒಳ್ಳೆಯ ಆಹಾರ ಸಿಕ್ಕು ಆರೋಗ್ಯವಾಗಿರುವ ಹೆಂಗಸಿಗೆ ಮುಟ್ಟಿನ ಕಾರಣದಿಂದಲೇ ವಿಶ್ರಾಂತಿ ಅಗತ್ಯವೆನ್ನಲು ಆಧಾರವಿಲ್ಲ ಎಂಬುದು ಅವರು ಕಂಡ ನಿರ್ಣಯ. ೧೮೭೬ರ ಬಹುಮಾನ ಆ ಪ್ರಬಂಧಕ್ಕೇ ಬಂತು. ಹೆಣ್ಣುಮಕ್ಕಳನ್ನು ವಿದ್ಯಾರ್ಥಿಗಳಾಗಿ ಸೇರಿಸಿಕೊಳ್ಳದ ವಿದ್ಯಾಲಯವೇ ಹೆಣ್ಣು ಬರೆದ ಉತ್ತರಕ್ಕೆ ಮರ್ಯಾದೆ ಮಾಡಿತು.

ಮುಂದಿನ ಹೆಜ್ಜೆ ಇಟ್ಟವರು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕ್ಲೀಲಿಯಾ ಮೋಷರ್. ಸೊಂಟ ಸಣ್ಣದಾದಷ್ಟೂ ಸೌಂದರ್ಯ ಹೆಚ್ಚೆಂದು ಬಗೆದು, ಹೆಂಗಸರು ಬಿಗಿ ಕುಪ್ಪಸದಲ್ಲಿ ತಮ್ಮನ್ನು ಕಟ್ಟಿಹಾಕಿಕೊಳ್ಳುತ್ತಿದ್ದ ಕಾಲವದು. ಗಂಡಸು ಹೊಟ್ಟೆಯಿಂದ ಉಸಿರಾಡುತ್ತಾನೆ, ಹೆಂಗಸು ಎದೆಯಿಂದ; ಇದು ಹುಟ್ಟುಗುಣ ಎಂದು ಆಗ ಪಾಠ ಹೇಳುತ್ತಿದ್ದರು. ಈ ವ್ಯತ್ಯಾಸ ಹುಟ್ಟಿನದಲ್ಲ, ಉಡುಪಿನದು ಎಂದು ಮೋಷರ್ ೧೮೯೪ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಆಮೇಲೆ ಮುಟ್ಟಿನ ವಿಚಾರಕ್ಕೆ ಕೈಹಾಕಿದರು. ಹಿಂದಿನದನ್ನು ನೆನೆದು ಹೇಳಿಸಿದರೆ ನೋವೇ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಆಯಾ ದಿನದ್ದನ್ನು ಆಯಾ ದಿನವೇ ಬರೆದಿಡಿಸಿದರು. ಹೀಗೆ ವರ್ಷಗಟ್ಟಲೆ ಕೂಡಿಸಿದ ದಾಖಲೆ ೨,೦೦೦ಕ್ಕೂ ಹೆಚ್ಚು ಹೆಂಗಸರದು, ೧೨,೦೦೦ ಋತುಚಕ್ರಗಳದು. ಬಿಗಿ ಉಡುಪು, ವ್ಯಾಯಾಮವಿಲ್ಲದ ಬದುಕು, ಈ ದಿನಗಳಲ್ಲಿ ಕಾಯಿಲೆ ಬೀಳಲೇಬೇಕೆಂಬ ನಂಬಿಕೆ, ಇವೇ ಬಹುಮಟ್ಟಿಗೆ ನೋವಿನ ಮೂಲವೆಂದು ಅವರು ವಾದಿಸಿದರು. ಅಂಗಾತ ಮಲಗಿ, ಮೊಣಕಾಲು ಮಡಿಸಿ, ಹೊಟ್ಟೆಯಿಂದ ಆಳವಾಗಿ ಉಸಿರೆಳೆಯುವ ಸಾಧನೆಯನ್ನು ವಿದ್ಯಾರ್ಥಿನಿಯರಿಗೆ ಕಲಿಸಿದರು. ೧೯೧೮ರಲ್ಲಿ ಇನ್ನೊಬ್ಬ ವಿಜ್ಞಾನಿಯೊಡನೆ ಕಾಲೇಜು ಹುಡುಗಿಯರ ಸ್ನಾಯುಬಲವನ್ನು ಅಳೆದು, ಗಂಡುಹೆಣ್ಣಿನ ಬಲದ ಅಂತರದಲ್ಲಿ ಅಭ್ಯಾಸದ ಪಾಲು ದೊಡ್ಡದೆಂದರು. ಅದಕ್ಕೆ ನಾಲ್ಕು ವರ್ಷ ಮೊದಲೇ, ೧೯೧೪ರಲ್ಲಿ, ನ್ಯೂಯಾರ್ಕಿನ ಲೀಟಾ ಹಾಲಿಂಗ್‌ವರ್ತ್ ೨೩ ಹೆಂಗಸರನ್ನು ಪರೀಕ್ಷಿಸಿ, ಮುಟ್ಟಿನ ದಿನಗಳಲ್ಲಿ ಅವರ ಬುದ್ಧಿಯಾಗಲಿ ಕೈಚಳಕವಾಗಲಿ ಕುಂದುವುದಿಲ್ಲವೆಂದು ತೋರಿಸಿದ್ದರು.

ಇಷ್ಟಾದರೂ ಹಳೆಯ ಅನುಮಾನ ಸುಲಭವಾಗಿ ಸಾಯಲಿಲ್ಲ. ೧೯೨೮ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು ಮೊದಲ ಸಲ ೮೦೦ ಮೀಟರ್ ಓಡಿದರು. ಓಟದ ಕೊನೆಯಲ್ಲಿ ಅವರು ಕುಸಿದುಬಿದ್ದರೆಂದು ಪತ್ರಿಕೆಗಳು ಅತಿಶಯವಾಗಿ ಬರೆದವು. ಆ ಓಟ ಮರಳಿ ಬಂದದ್ದು ೧೯೬೦ರಲ್ಲಿ. ಭಾರ ಎತ್ತುವ ಸ್ಪರ್ಧೆಯಂತೂ ಗಂಡಸರಿಗೆ ೧೮೯೬ರಿಂದಲೇ ಇದ್ದರೆ ಹೆಂಗಸರಿಗೆ ದೊರೆತದ್ದು ೨೦೦೦ದಲ್ಲಿ, ಸಿಡ್ನಿಯಲ್ಲಿ. ಆ ಮೊದಲ ಸಲವೇ ಆಂಧ್ರದ ಶ್ರೀಕಾಕುಳಂ ಸೀಮೆಯ ಕರ್ಣಂ ಮಲ್ಲೇಶ್ವರಿ ಒಟ್ಟು ೨೪೦ ಕಿಲೋಗ್ರಾಂ ಎತ್ತಿ ಕಂಚಿನ ಪದಕ ಗೆದ್ದರು. ಒಲಿಂಪಿಕ್ಸಿನಲ್ಲಿ ಭಾರತೀಯ ಮಹಿಳೆಯೊಬ್ಬಳು ಪಡೆದ ಮೊದಲ ಪದಕ ಅದು. ೨೦೨೪ರಲ್ಲಿ ಪ್ಯಾರಿಸ್ಸಿನಲ್ಲಿ ಮಣಿಪುರದ ಮೀರಾಬಾಯಿ ಚಾನು ೧೯೯ ಕಿಲೋ ಎತ್ತಿದರು. ಒಂದೇ ಒಂದು ಕಿಲೋ ಅಂತರದಲ್ಲಿ ಪದಕ ತಪ್ಪಿತು. ತಮಗದು ಮುಟ್ಟಿನ ಮೂರನೆಯ ದಿನ, ಸ್ವಲ್ಪ ನಿಶ್ಶಕ್ತಿ ಇತ್ತು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಕೆಲವರು ಇದನ್ನು ನೆಪವೆಂದರು. ಆದರೆ ತಮ್ಮ ತೂಕದ ನಾಲ್ಕರಷ್ಟನ್ನು ಎರಡು ಬಗೆಯ ಎತ್ತುಗಳಲ್ಲಿ ಆ ದಿನವೇ ಎತ್ತಿದವರನ್ನು ದುರ್ಬಲರೆನ್ನುವುದು ಹೇಗೆ?

ಇಂದಿನ ವಿಜ್ಞಾನ ಈ ಪ್ರಶ್ನೆಗೆ ಹದವಾದ ಉತ್ತರ ಕೊಡುತ್ತದೆ. ೨೦೨೦ರಲ್ಲಿ ೭೮ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮುಟ್ಟಿನ ಮೊದಲ ದಿನಗಳಲ್ಲಿ ಸಾಮರ್ಥ್ಯ ಕುಗ್ಗಬಹುದಾದರೂ ಆ ಕುಗ್ಗುವಿಕೆ ಸರಾಸರಿಯಲ್ಲಿ ಅತ್ಯಲ್ಪ, ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ ಎಂದು ಕಂಡುಬಂತು. ಆದರೆ ಮುಟ್ಟಿಗೆ ಮುನ್ನ ಮತ್ತು ಮುಟ್ಟಿನ ದಿನಗಳಲ್ಲಿ ಮೈಯಲ್ಲಿ ನೀರು ನಿಲ್ಲುತ್ತದೆ, ಹೊಟ್ಟೆ ಉಬ್ಬಿದಂತಾಗುತ್ತದೆ, ತಕ್ಕಡಿಯ ಮುಳ್ಳು ಅರ್ಧ ಕಿಲೋದಷ್ಟು ಮುಂದೆ ಸರಿಯಬಹುದು. ಬೆಳೆದದ್ದು ಕೊಬ್ಬಲ್ಲ, ನೀರು. ಕೆಲವು ದಿನಗಳಲ್ಲಿ ಇಳಿದುಹೋಗುವಂಥದು. ತಮ್ಮ ಮೈಯ ಬಗ್ಗೆ ಹೆಂಗಸರಿಗೆ ಬೇಸರ ಹೆಚ್ಚುವುದೂ ಅನೇಕ ಅಧ್ಯಯನಗಳ ಪ್ರಕಾರ ಈ ದಿನಗಳಲ್ಲಿಯೇ. ಎಂದರೆ, ಕನ್ನಡಿ ಹೇಳುವುದು ಒಂದು, ಕೈಯಲ್ಲಿ ಹಿಡಿದ ಕಬ್ಬಿಣ ಹೇಳುವುದು ಇನ್ನೊಂದು. ಹೋದ ವಾರ ಎತ್ತಿದ ತೂಕವನ್ನೇ ಈ ವಾರವೂ ಎತ್ತಿದವಳಿಗೆ ಕನ್ನಡಿಯ ಮಾತನ್ನು ಪೂರ್ತಿ ನಂಬಬೇಕಾಗಿಲ್ಲವೆಂಬ ಧೈರ್ಯ ಬಂದೀತು. ಮೋಷರ್ ಅವರ ಕೆಲಸದಿಂದ ನಾವು ಕಲಿಯಬಹುದಾದದ್ದೂ ಹೆಚ್ಚುಕಡಮೆ ಇದನ್ನೇ: ದೇಹ ನೋಡಿಸಿಕೊಳ್ಳುವುದಕ್ಕೆ ಮಾತ್ರ ಇರುವುದಲ್ಲ, ಕೆಲಸ ಮಾಡುವುದಕ್ಕೆ ಇರುವುದು.

ಹಾಗೆಂದು ಯಾರೂ ವಿಶ್ರಾಂತಿ ಬಯಸಬಾರದೆಂದಲ್ಲ. ಜಾಕೋಬಿ ಇಟ್ಟ ನಿಬಂಧನೆಯನ್ನು ಮರೆಯುವಂತಿಲ್ಲ: ಒಳ್ಳೆಯ ಆಹಾರ ದೊರೆತವಳಿಗೆ ಎಂದರು ಅವರು. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೧೫ರಿಂದ ೪೯ ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇಕಡ ೫೭ ಮಂದಿಗೆ ರಕ್ತಹೀನತೆ ಇತ್ತು. ಅವರ ಸುಸ್ತಿಗೆ ಮುಟ್ಟನ್ನು ಮಾತ್ರ ದೂರಿ ಸುಮ್ಮನಾಗುವುದು ಅನ್ಯಾಯ. ಅವರಿಗೆ ಬೇಕಾದದ್ದು ಅನ್ನ, ಸೊಪ್ಪು, ಕಬ್ಬಿಣಾಂಶ, ಔಷಧಿ. ತೀವ್ರ ನೋವೂ ಅತಿಸ್ರಾವವೂ ಇರುವವರಿಗೆ ಬೇಕಾದದ್ದು ವೈದ್ಯರು, ಉಪದೇಶವಲ್ಲ.

೨೦೨೫ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ಮುಟ್ಟಿನ ಕಾರಣ ತಿಂಗಳಿಗೊಂದರಂತೆ ವರ್ಷಕ್ಕೆ ೧೨ ದಿನ ಸಂಬಳಸಹಿತ ರಜೆಯ ನೀತಿಯನ್ನು ಒಪ್ಪಿತು. ಕ್ಲಾರ್ಕ್ ವಿಧಿಸಹೊರಟ ವಿಶ್ರಾಂತಿಗೂ ಈ ರಜೆಗೂ ಒಂದು ವ್ಯತ್ಯಾಸವಿದೆ. ಅದು ಇನ್ನೊಬ್ಬರು ಕೊಟ್ಟ ತೀರ್ಪು. ಇದು ಬೇಕಾದವಳು ತಾನೇ ಆರಿಸಿಕೊಳ್ಳುವ ಹಕ್ಕು. ಆದರೆ ಈ ಹಕ್ಕನ್ನೇ ನೆವ ಮಾಡಿ ಅವಳಿಗೆ ಕೆಲಸ ಕೊಡಲು ಹಿಂಜರಿದರೆ ೧೮೭೩ರ ಪುಸ್ತಕ ಮತ್ತೊಮ್ಮೆ ಅಚ್ಚಾದಂತೆಯೇ. ಒಂದು ದಿನ ಅವಳು ಮಲಗಿರಲಿ, ಇನ್ನೊಂದು ದಿನ ಭಾರ ಎತ್ತಲಿ. ಯಾವ ದಿನ ಯಾವುದು ಎಂಬುದನ್ನು ಹೇಳಬೇಕಾದವಳು ಅವಳು.