ಕುತ್ತಿಗೆ ಮೂಲದ ತಲೆಸುತ್ತು

ಕುತ್ತಿಗೆ ನೋವಿನ ಜೊತೆಗೇ ಬರುವ, ಕಿವಿ, ಮಿದುಳು, ರಕ್ತದೊತ್ತಡ ಎಲ್ಲವನ್ನೂ ತಪಾಸಿಸಿದರೂ ಬೇರೆ ಕಾರಣ ಸಿಗದ ತಲೆಸುತ್ತು. ಹಾವೇರಿ ಜಿಲ್ಲೆಯ ಸವಣೂರು, ಶಿಗ್ಗಾವಿ ಕಡೆಯ ಮಾತಿನಲ್ಲಿ 'ಗೋಣು ಹಿಡದದ, ತಲಿ ತಿರಗತದ' ಎಂಬುದು ಒಂದೇ ಉಸಿರಿನ ದೂರು. ಅದು ಒಂದು ಬೇನೆಯೋ, ಜೊತೆಗೆ ಬಂದ ಎರಡು ಬೇನೆಗಳೋ ಎಂಬ ತಕರಾರು ಇನ್ನೂ ತೀರಿಲ್ಲ. ಚರಕಸಂಹಿತೆಯ 80 ವಾತರೋಗಗಳ ಪಟ್ಟಿಯಲ್ಲಿ ಗ್ರೀವಾಸ್ತಂಭವೂ (ಕುತ್ತಿಗೆ ಬಿಗಿತ) ಇದೆ, ಭ್ರಮವೂ (ತಲೆಸುತ್ತು) ಇದೆ, ಬೇರೆ ಬೇರೆಯಾಗಿ.

1926ರಲ್ಲಿ ಫ್ರಾನ್ಸಿನ ವೈದ್ಯ ಬಾರೆ, ಕುತ್ತಿಗೆಯ ಅನುವೇದನಾ ನರಗಳ ಕೆರಳುವಿಕೆಯೇ ಕಾರಣವೆಂದರು. ಮರುವರ್ಷವೇ ಡಿ ಕ್ಲೈನ್ ಮತ್ತು ಸಹೋದ್ಯೋಗಿ, ಕುತ್ತಿಗೆ ತಿರುಗಿಸಿದಾಗ ಬೆನ್ನೆಲುಬಿನ ಪಕ್ಕದ ರಕ್ತನಾಳ ಅದುಮಿಹೋಗುತ್ತದೆ ಎಂಬ ವಾದದತ್ತ ಗಮನ ಸೆಳೆದರು. 1955ರಲ್ಲಿ ರಯಾನ್ ಮತ್ತು ಕೋಪ್ 'ಲ್ಯಾನ್ಸೆಟ್'ನಲ್ಲಿ 'ಸರ್ವೈಕಲ್ ವರ್ಟಿಗೊ' ಎಂಬ ಹೆಸರಿಟ್ಟರು. ಹೆಸರು ನಿಂತಿತು, ಅದನ್ನು ಖಚಿತಪಡಿಸುವ ಪರೀಕ್ಷೆ ಮಾತ್ರ ಹುಟ್ಟಲಿಲ್ಲ.

ಗೊಂದಲದ ಬೇರು ಸರಳವಾದದ್ದು: ತಲೆ ಅಲುಗಿದರೆ ಕುತ್ತಿಗೆಯೂ ಅಲುಗಲೇಬೇಕು. ಹಾಸಿಗೆಯಲ್ಲಿ ಹೊರಳಿದೊಡನೆ ಅರ್ಧ ನಿಮಿಷ ಮನೆಯೇ ತಿರುಗಿದಂತಾದರೆ ಒಳಗಿವಿಯ ಹರಳು ಜಾರಿರುವ ಸಂಭವವೇ ಹೆಚ್ಚು. ರೋಗಿಯನ್ನು ಕೂರಿಸಿ, ತಲೆಯನ್ನು 45 ಡಿಗ್ರಿ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿ ಕಣ್ಣುಗುಡ್ಡೆಯ ಅದುರಾಟ ನೋಡುವ ಪರೀಕ್ಷೆಯನ್ನು ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲೇ ವಿವರಿಸಿದ್ದರು. ಅದನ್ನು ಮಾಡದೆ ಎಕ್ಸ್‌ರೇ ತೆಗೆಸಿ, 'ಸ್ಪಾಂಡಿಲೈಟಿಸ್' ಎಂದು ಬೆಲ್ಟ್ ಕಟ್ಟುವುದು ಇಂದಿಗೂ ಅಪರೂಪವಲ್ಲ. 1986ರಲ್ಲಿ ಪ್ರಕಟವಾದ ಗೋರ್ ಅಧ್ಯಯನದಲ್ಲಿ ಯಾವ ದೂರೂ ಇಲ್ಲದ 200 ಜನರ ಎಕ್ಸ್‌ರೇ ನೋಡಲಾಯಿತು. 60-65ರ ವಯಸ್ಸಿನ ಗಂಡಸರಲ್ಲಿ ಶೇ. 95ರಷ್ಟು, ಹೆಂಗಸರಲ್ಲಿ ಶೇ. 70ರಷ್ಟು ಮಂದಿಗೆ ಕುತ್ತಿಗೆ ಸವೆತ ಕಂಡಿತ್ತು. ಅಂದಮೇಲೆ ಆ ಚಿತ್ರ ಏನನ್ನು ಸಾಬೀತುಮಾಡೀತು?

ಕುತ್ತಿಗೆಯ ಪರವಾದ ಗಟ್ಟಿ ಸಾಕ್ಷ್ಯ 1977ರದು. ಡಿ ಯೊಂಗ್ ಮತ್ತು ಸಂಗಡಿಗರು ಕುತ್ತಿಗೆಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಾಗ ಪ್ರಾಣಿಗಳ ಕಣ್ಣು ಅದುರಿದವು, ನಡಿಗೆ ತೊಡರಿತು. ಮನುಷ್ಯರಲ್ಲಿ ನಡಿಗೆ ಮಾತ್ರ ವಾಲಿತು. ಕುತ್ತಿಗೆಯ ಸ್ನಾಯುಗಳು ತಲೆಯ ನಿಲುವನ್ನು ಮಿದುಳಿಗೆ ತಿಳಿಸುತ್ತಿರುತ್ತವೆ, ಆ ಸುದ್ದಿ ಕೆಟ್ಟರೆ ತೂಕ ತಪ್ಪುತ್ತದೆ ಎಂಬ ಇಂದಿನ ವಿವರಣೆಗೆ ಇದು ಆಧಾರ.

ಚಿಕಿತ್ಸೆಯಲ್ಲಿ ತಿರುವು ಬಂದದ್ದು ಫಿಸಿಯೋಥೆರಪಿಯಿಂದ. 1996ರಲ್ಲಿ ಸ್ವೀಡನ್ನಿನ ಕಾರ್ಲ್‌ಬರ್ಗ್ 17 ರೋಗಿಗಳಲ್ಲಿ ಫಿಸಿಯೋಥೆರಪಿಯಿಂದ, 2008ರಲ್ಲಿ ಆಸ್ಟ್ರೇಲಿಯಾದ ರೀಡ್ ಮತ್ತು ರಿವೆಟ್ ಕುತ್ತಿಗೆಯ ಕೀಲನ್ನು ಕೈಯಿಂದ ಜಾರಿಸುವ ವಿಧಾನದಿಂದ ಸುಧಾರಣೆ ತೋರಿಸಿದರು. ಗುಣವಾದದ್ದು ನಿಜ, ಕಾರಣ ಕುತ್ತಿಗೆಯೇ ಎಂಬುದು ಅದರಿಂದಷ್ಟೇ ಸಿದ್ಧವಾಗದು. 2022ರಲ್ಲಿ ತಲೆಸುತ್ತು ತಜ್ಞರ ಸಂಘವಾದ ಬಾರಾನಿ ಸೊಸೈಟಿಯ ನಿಲುವುಪತ್ರವೂ ಪುರಾವೆ ಸಾಲದೆಂದೇ ಹೇಳಿತು.

ಹಾವೇರಿ ಜಿಲ್ಲೆಯಾಗುವ (1997) ಮೊದಲೂ ಆಮೇಲೂ ಸವಣೂರಿನವರಿಗೆ ದೊಡ್ಡಾಸ್ಪತ್ರೆ ಎಂದರೆ ಹುಬ್ಬಳ್ಳಿಯ, 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನದು. ಇಂಥ ರೋಗಿ ಎಲುಬು, ಕಿವಿ, ನರ ಎಂದು ಮೂರು ವಿಭಾಗಗಳ ಬಾಗಿಲು ತಟ್ಟಬೇಕಾದೀತು. ತಲೆಸುತ್ತಿಗೆಂದು ಕೊಡುವ ಸಿನ್ನಾರಿಜಿನ್ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದ ಮುದುಕರಲ್ಲಿ ಕೈನಡುಕ ಬರುವುದುಂಟು. ಹಠಾತ್ ಕುತ್ತಿಗೆ ನೋವಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ ಗೋಣು ತಿರುವಿಸಿಕೊಳ್ಳಬಾರದು; ರಕ್ತನಾಳ ಸೀಳಿರಬಹುದು.