ಒಂದು ರಾತ್ರಿಯ ಬೀಡು: ಒಮಾನ್‌ನಲ್ಲಿ ಬಯಲಲ್ಲಿ ಮಲಗಿದವರ ಚರಿತ್ರೆ

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನೀವು ಮಸ್ಕತ್‌ನಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಹತ್ತು? ಹದಿನೈದು? ಸರಿ. ಅಷ್ಟು ವರ್ಷದಲ್ಲಿ ಎಷ್ಟು ರಾತ್ರಿ ಈ ನೆಲದ ಮೇಲೆ ಮಲಗಿದ್ದೀರಿ? ಮಂಚ, ಟೈಲ್ಸು, ಏಸಿ ಯಾವುದೂ ಇಲ್ಲದೆ, ಒಂದು ಚಾಪೆ ಹಾಸಿಕೊಂಡು, ಆಕಾಶದ ಕೆಳಗೆ?

ತುಂಬ ಮನೆಗಳಲ್ಲಿ ಉತ್ತರ "ಒಂದೂ ಇಲ್ಲ" ಅಂತಲೇ ಬರುತ್ತೆ. ರೂವಿಯಲ್ಲೋ ಘುಬ್ರಾದಲ್ಲೋ ಫ್ಲಾಟು, ಬೆಳಿಗ್ಗೆ ಶಾಲೆಯ ಬಸ್ಸು, ಶುಕ್ರವಾರ ಮಾಲು, ಬೇಸಿಗೆ ರಜೆಗೆ ಊರು. ಇಲ್ಲೇ ಹುಟ್ಟಿದ ಮಕ್ಕಳೂ ಹೀಗೇ ಬೆಳೀತಾರೆ. ಹನ್ನೆರಡನೇ ಕ್ಲಾಸು ಮುಗಿದ ಮೇಲೆ ಬೆಂಗಳೂರಿಗೋ ಮಣಿಪಾಲಕ್ಕೋ ಓದೋಕೆ ಹೋಗ್ತಾರೆ. ಅಪ್ಪನ ವೀಸಾ ಕೆಲಸಕ್ಕೆ ಅಂಟಿಕೊಂಡದ್ದು; ಕೆಲಸ ಮುಗಿದರೆ ಸಾಮಾನ್ಯವಾಗಿ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಬೇಕು. ಆಮೇಲೆ ಹಾಸ್ಟೆಲಿನಲ್ಲಿ ಯಾರೋ ಕೇಳ್ತಾರೆ: "ನಿನ್ನೂರು ಯಾವುದು?" ಉಡುಪಿ ಅನ್ನೋಣ ಅಂದ್ರೆ ಅಲ್ಲಿ ಕಳೆದದ್ದು ರಜೆ ಮಾತ್ರ. ಮಸ್ಕತ್ ಅನ್ನೋಣ ಅಂದ್ರೆ ಅಲ್ಲಿ ಚೆನ್ನಾಗಿ ಗೊತ್ತಿರೋದು ಒಂದು ಕಟ್ಟಡ, ಒಂದು ಲಿಫ್ಟು.

ಅದಕ್ಕೇ ಕ್ಯಾಂಪಿಂಗ್ ಬಗ್ಗೆ ಬರೀತಿದ್ದೀನಿ. ಹೊರಗೆ ಹೋದರೆ ಮನಸ್ಸಿಗೆ ಹಗುರ, ಫೋಟೋ ಚೆನ್ನಾಗಿ ಬರುತ್ತೆ ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ನಾನು ಹೇಳಬೇಕಾದದ್ದು ಬೇರೆ. ಒಮಾನ್‌ನ ಚರಿತ್ರೆಯ ದೊಡ್ಡ ಪಾಲು ನಡೆದದ್ದು ಗೋಡೆಗಳ ಹೊರಗೆ, ರಾತ್ರಿಯ ತಂಪಿನಲ್ಲಿ. ಅಲ್ಲಿ ಒಂದು ರಾತ್ರಿಯಾದರೂ ಕಳೆಯದೆ ಈ ದೇಶ ಬಿಟ್ಟು ಹೋದರೆ, ನಾವು ಇಲ್ಲಿ ಇದ್ದೆವು ಅನ್ನೋ ಮಾತು ಅರ್ಧ ಮಾತ್ರ ನಿಜ.

ಮೊದಲು ನಮ್ಮದೇ ಒಂದು ಪದ

"ಬಿಡು" ಅನ್ನೋ ಕ್ರಿಯಾಪದ ನಿಮಗೆ ಗೊತ್ತು. ಕೈ ಬಿಡು, ದಾರಿ ಬಿಡು. ಅದೇ ಬೇರಿನಿಂದ ಬಂದದ್ದು ಬೀಡು. ಪ್ರಯಾಣದಲ್ಲಿ ಹೊರೆ ಇಳಿಸಿ, ಎತ್ತುಗಳನ್ನು ಬಿಟ್ಟು, ತಂಗುವ ಜಾಗ. "ಸೈನ್ಯ ಬೀಡು ಬಿಟ್ಟಿತು" ಅಂತ ಪಾಠದ ಪುಸ್ತಕದಲ್ಲಿ ಓದಿರ್ತೀರಿ. ಬಿಡಾರವೂ ಅದೇ ಸಂಸಾರದ್ದು. ಹಳೆಯ ಕನ್ನಡ ಶಾಸನಗಳಲ್ಲಿ ರಾಜ "ನೆಲೆವೀಡಿನಲ್ಲಿ" ಇದ್ದು ಆಳುತ್ತಿದ್ದ ಅಂತ ಬರುತ್ತೆ. ನೆಲೆವೀಡು ಅಂದರೆ ನೆಲೆಯಾಗಿ ನಿಂತ ಬೀಡು. ರಾಜಧಾನಿಗೂ ಕ್ಯಾಂಪಿಗೂ ಒಂದೇ ಪದದ ನಂಟು, ನೋಡಿ.

ಬೆಂಗಳೂರಿನ ಕಂಟೋನ್ಮೆಂಟಿಗೆ ಹಿರಿಯರು ಇವತ್ತಿಗೂ "ದಂಡು" ಅಂತಾರೆ. ಅದು ಸೈನ್ಯದ ಬೀಡು. ಸಿಂಧನೂರು, ಗಂಗಾವತಿ ಕಡೆ ಹೋದರೆ ಎಷ್ಟೋ ಊರುಗಳ ಹೆಸರಿನ ಕೊನೆಯಲ್ಲಿ "ಕ್ಯಾಂಪ್" ಇದೆ. ತುಂಗಭದ್ರಾ ಅಣೆಕಟ್ಟಿನ ನೀರು ಬಂದಾಗ ಬೇರೆ ಕಡೆಯಿಂದ ಬಂದ ರೈತರು ಬಿಡಾರ ಹೂಡಿದ ಜಾಗಗಳು ಅವು. ಬಿಡಾರ ಊರಾಯಿತು, ಹೆಸರು ಹಾಗೇ ಉಳೀತು. ಹಾಗಾಗಿ "ಟೆಂಟು ಹಾಕೋದೆಲ್ಲ ಫಾರಿನ್ನವರ ಹುಚ್ಚು" ಅಂತ ಮನೆಯಲ್ಲಿ ಯಾರಾದರೂ ಅಂದರೆ, ಈ ಪದಗಳನ್ನು ನೆನಪಿಸಿ.

ಹೆರಾತಿನಿಂದ ಬಂದ ಪೇಟೆಯ ಮನುಷ್ಯ

ಒಮಾನ್‌ನ ಬಯಲಿಗೂ ಕರ್ನಾಟಕಕ್ಕೂ ಗಂಟು ಹಾಕಿದ ಒಬ್ಬ ಪ್ರವಾಸಿ ಇದ್ದಾನೆ. ಅಬ್ದುರ್ ರಜಾಕ್. ವಿಜಯನಗರದ ಪಾಠದಲ್ಲಿ ಈ ಹೆಸರು ಕೇಳಿರ್ತೀರಿ. ತೈಮೂರನ ಮಗ ಷಾರುಖ್‌ನ ಆಸ್ಥಾನದವನು, ಹೆರಾತ್ ನಗರದವನು. 1442ರಲ್ಲಿ ರಾಯಭಾರಿಯಾಗಿ ಕಲ್ಲಿಕೋಟೆಗೆ ಹೊರಟ. ಹೊರ್ಮುಜ್‌ನಲ್ಲಿ ಹಡಗು ಹತ್ತುವ ಹೊತ್ತಿಗೆ ತಡವಾಗಿತ್ತು. ಭಾರತದ ಕಡೆ ಒಯ್ಯುವ ಗಾಳಿಯ ಕಾಲ ಮುಗೀತಾ ಬಂದಿತ್ತು. ಹಾಗಾಗಿ ಮಸ್ಕತ್‌ನಲ್ಲಿ ಸಿಕ್ಕಿಬಿದ್ದ.

ಎದುರಿಗೆ ಬೇಸಿಗೆ. ಮಸ್ಕತ್‌ನ ಬೇಸಿಗೆ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಅವನು ಆ ಸೆಖೆಯನ್ನು ಬಣ್ಣಿಸುವ ರೀತಿ ನೋಡಿದರೆ, ಕಲ್ಲು ಕಬ್ಬಿಣವೂ ಉಳಿಯುವಂತಿರಲಿಲ್ಲ ಅನ್ನಿಸುತ್ತೆ. ಜ್ವರ ಹಿಡೀತು. ಮಸ್ಕತ್‌ನಿಂದ ಕರಾವಳಿಯುದ್ದಕ್ಕೂ ಕುರಿಯಾತ್, ಕಲ್ಹಾತ್ ಅಂತ ಸಾಗಿದ. ಜೊತೆಗಿದ್ದ ಅಣ್ಣ ಇದೇ ನೆಲದಲ್ಲಿ ತೀರಿಕೊಂಡ. ಕೊನೆಗೆ ಗಾಳಿ ತಿರುಗಿ ಹಡಗು ಹೊರಟಿತು. ಹದಿನೆಂಟು ದಿನದಲ್ಲಿ ಕಲ್ಲಿಕೋಟೆ ಸೇರಿತು. ಅಲ್ಲಿಂದ ವಿಜಯನಗರದ ಇಮ್ಮಡಿ ದೇವರಾಯ ಕರೆಸಿಕೊಂಡ. ಮಂಗಳೂರಿನ ದಾರಿಯಾಗಿ ಘಟ್ಟ ಹತ್ತಿ 1443ರಲ್ಲಿ ವಿಜಯನಗರ ತಲುಪಿದ. ಮಹಾನವಮಿ ನೋಡಿದ. ವಾಪಸು ಹೋಗುವಾಗ ಬಾರಕೂರು, ಹೊನ್ನಾವರದ ದಾರಿ ಹಿಡಿದು 1444ರಲ್ಲಿ ಸಮುದ್ರಕ್ಕಿಳಿದ. ಮತ್ತೆ ಬಂದು ಮುಟ್ಟಿದ್ದು ಇದೇ ಮಸ್ಕತ್.

ಇವತ್ತು ಮಂಗಳೂರಿಂದ ವಿಮಾನ ಹತ್ತಿದರೆ ಮೂರು ಗಂಟೆಯ ಆಸುಪಾಸಿನಲ್ಲಿ ಇಲ್ಲಿ ಇಳೀತೀವಿ. ಅವನಿಗೆ ತಿಂಗಳುಗಳು ಹಿಡಿದವು. ಈ ನೆಲದಲ್ಲಿ ಋತುವೇ ಯಜಮಾನ ಅಂತ ಅವನು ಕಲಿತದ್ದು ಅಣ್ಣನನ್ನು ಕಳೆದುಕೊಂಡು. ಫ್ಲಾಟಿನೊಳಗೆ ಏಸಿಯನ್ನು ಇಪ್ಪತ್ತಮೂರಕ್ಕೆ ಇಟ್ಟುಕೊಂಡ ನಮಗೆ ಜನವರಿಗೂ ಜುಲೈಗೂ ವ್ಯತ್ಯಾಸವೇ ಗೊತ್ತಾಗೋದಿಲ್ಲ. ಬಯಲಲ್ಲಿ ಮಲಗಿದರೆ ಮೊದಲು ಗೊತ್ತಾಗೋದೇ ಅದು.

ಅವನಾದ ಮೇಲೂ ಈ ದಾರಿ ನಿಲ್ಲಲಿಲ್ಲ. ನಮ್ಮ ಕರಾವಳಿಯ ಅಕ್ಕಿ ಮಸ್ಕತ್‌ನ ಬಂದರಿಗೆ ಬರ್ತಿತ್ತು. ಟಿಪ್ಪು ಸುಲ್ತಾನ್ ಇಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಅಂದರೆ ಈ ಕಡಲದಂಡೆಯಲ್ಲಿ ರಾತ್ರಿ ಕಳೆದ ಕರ್ನಾಟಕದವರಲ್ಲಿ ನೀವು ಮೊದಲಿಗರಲ್ಲ.

ದಿಡ್ಡಿ ಬಾಗಿಲು ಮುಚ್ಚುತ್ತಿದ್ದ ಊರು

ಈಗ ಹತ್ತಿರದ ಕಾಲಕ್ಕೆ ಬನ್ನಿ. 1970ರ ತನಕ, ಸುಲ್ತಾನ್ ಸಯೀದ್ ಬಿನ್ ತೈಮೂರ್ ಕಾಲದಲ್ಲಿ, ಹಳೆ ಮಸ್ಕತ್‌ನ ಕೋಟೆ ಬಾಗಿಲುಗಳನ್ನು ಸೂರ್ಯ ಮುಳುಗಿ ಮೂರು ಗಂಟೆಗೆ ಮುಚ್ಚಿಬಿಡ್ತಿದ್ರು. ಆಮೇಲೆ ಬೀದಿಯಲ್ಲಿ ನಡೀಬೇಕಾದರೆ ಕೈಯಲ್ಲಿ ಲಾಟೀನು ಇರಲೇಬೇಕು. ಇಡೀ ದೇಶದಲ್ಲಿ ಡಾಂಬರು ರಸ್ತೆ ಹತ್ತು ಕಿಲೋಮೀಟರ್ ಆಸುಪಾಸು. ಆಗ ನಿಜ್ವಾಕ್ಕೋ ಸೂರ್‌ಗೋ ಹೊರಟವರು ದಾರಿಯಲ್ಲಿ ಮಲಗಲೇಬೇಕಿತ್ತು. ಅದನ್ನು ಯಾರೂ ಕ್ಯಾಂಪಿಂಗ್ ಅಂತ ಕರೀತಿರಲಿಲ್ಲ. ಅದು ಪ್ರಯಾಣ, ಅಷ್ಟೆ.

ನಿಮ್ಮ ಆಫೀಸಿನ ಒಮಾನಿ ಸಹೋದ್ಯೋಗಿಯ ಅಜ್ಜನಿಗೆ ಇದು ಕಥೆಯಲ್ಲ, ನೆನಪು. ಗುರುವಾರ ಸಂಜೆ ಆ ಸಹೋದ್ಯೋಗಿ ಗಾಡಿಯ ಹಿಂದೆ ಚಾಪೆ, ಇದ್ದಿಲು, ಖರ್ಜೂರ, ಕಾಹ್ವಾದ ಫ್ಲಾಸ್ಕು ತುಂಬಿಸಿಕೊಂಡು ಹೊರಡೋದನ್ನ ನೀವು ನೋಡಿರ್ತೀರಿ. ಅವರು ಹೊಸದೇನನ್ನೋ "ಟ್ರೈ" ಮಾಡ್ತಿಲ್ಲ, ಮನೆಯ ಅಭ್ಯಾಸ ಮುಂದುವರಿಸ್ತಿದ್ದಾರೆ.

ಅರಸೊತ್ತಿಗೆಯೂ ಈ ಅಭ್ಯಾಸವನ್ನು ಬಿಡಲಿಲ್ಲ. ಸುಲ್ತಾನ್ ಖಾಬೂಸ್ ದಶಕಗಳ ಕಾಲ ಮಂತ್ರಿಗಳನ್ನು ಕಟ್ಟಿಕೊಂಡು ದೇಶ ಸುತ್ತುತ್ತಿದ್ದರು. ಊರಾಚೆಯ ಬಯಲಲ್ಲಿ ಗುಡಾರ ಹಾಕಿಸಿ, ಬಂದ ಜನರ ಅಹವಾಲು ಕೇಳ್ತಿದ್ದರು. ನೆಲೆವೀಡು ಅನ್ನೋ ಪದ ನೆನಪಾಯ್ತಾ?

ಗುಡಾರವೂ ಇಲ್ಲದವರು

ಮಧ್ಯ ಒಮಾನ್‌ನಲ್ಲಿ ಜಿದ್ದತ್ ಅಲ್ ಹರಾಸೀಸ್ ಅನ್ನೋ ದೊಡ್ಡ ಗರಸು ಬಯಲಿದೆ. ಮಸ್ಕತ್‌ನಿಂದ ಸಲಾಲಾಕ್ಕೆ ರಸ್ತೆಯಲ್ಲಿ ಹೋದವರು ಹೈಮಾದ ಹತ್ತಿರ ಕಿಟಕಿಯಿಂದ ನೋಡಿ "ಇಲ್ಲೇನೂ ಇಲ್ಲ" ಅಂದಿರ್ತಾರೆ. ಅಲ್ಲಿ ಹರಾಸೀಸ್ ಜನ ತಲೆಮಾರುಗಳಿಂದ ಇದ್ದಾರೆ. 1950ರ ದಶಕದ ಕೊನೆಯಲ್ಲಿ ಎಣ್ಣೆ ಕಂಪನಿಯವರು ಬಾವಿ ಕೊರೆಯುವ ತನಕ ಆ ಬಯಲಲ್ಲಿ ನಿತ್ಯದ ನೀರೇ ಇರಲಿಲ್ಲ. ಒಂಟೆ, ಮೇಕೆಗಳ ಹಾಲೇ ನೀರಿನ ಬದಲು. ಗುಡಾರವನ್ನೂ ಹೊರುತ್ತಿರಲಿಲ್ಲ, ಜಾಲಿ ಜಾತಿಯ ಮರದ ನೆರಳೇ ಮನೆ. ಅವರ ಮಾತು ಹರ್ಸೂಸಿ. ಅರಬ್ಬಿ ಅಲ್ಲ, ಬೇರೆಯೇ ಭಾಷೆ; ಬರವಣಿಗೆಯ ರೂಢಿ ಇಲ್ಲದ್ದು. ಅವರ ಮಕ್ಕಳು ಶಾಲೆಯಲ್ಲಿ ಅರಬ್ಬಿ ಕಲೀತಾರೆ, ಮನೆಮಾತು ಸೊರಗ್ತಾ ಇದೆ. ಈ ಕಷ್ಟ ನಮ್ಮ ಮನೆಗಳಿಗೂ ಹೊಸದೇನಲ್ಲ, ಅಲ್ವಾ?

ಅದೇ ಬಯಲಲ್ಲಿ ಅರೇಬಿಯಾದ ಓರಿಕ್ಸ್ ಇತ್ತು, ಉದ್ದ ಕೊಂಬಿನ ಬಿಳಿ ಹುಲ್ಲೆ. ಮೋಟಾರು ಗಾಡಿ, ಬಂದೂಕು ಹಿಡಿದು ಬಂದ ಬೇಟೆಗಾರರಿಂದಾಗಿ 1972ರಲ್ಲಿ ಕಾಡಿನ ಕೊನೆಯ ಓರಿಕ್ಸ್‌ಗಳೂ ಹೋದವು. 1982ರಲ್ಲಿ ಪಂಜರದಲ್ಲಿ ಬೆಳೆಸಿದವನ್ನು ತಂದು ಯಾಲೂನಿಯಲ್ಲಿ ಬಿಟ್ಟರು. ಹರಾಸೀಸ್ ಜನರೇ ಕಾವಲು ನಿಂತರು. 1994ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಆ ಅಭಯಾರಣ್ಯ, ಕಳ್ಳಬೇಟೆ ಮತ್ತು ವಿಸ್ತೀರ್ಣದ ಕಡಿತದಿಂದಾಗಿ 2007ರಲ್ಲಿ ಪಟ್ಟಿಯಿಂದ ಹೊರಬಿತ್ತು. ಹಾಗೆ ಹೊರಬಿದ್ದ ಜಗತ್ತಿನ ಮೊದಲ ತಾಣ ಅದು. ಬಯಲು ಖಾಲಿ ಜಾಗ ಅಂದುಕೊಂಡು ಹೋದವರು ಏನು ಮಾಡಿಬಿಡಬಹುದು ಅನ್ನೋದಕ್ಕೆ ಇದು ಸಾಕ್ಷಿ. ಹೋಗುವ ಮುಂಚೆ ತಿಳಿದಿರಬೇಕಾದದ್ದು.

ನಕ್ಷತ್ರ ನೋಡಿ ನೀರು

ಇನ್ನೊಂದು ವಿಷಯ ಕೇಳಿ, ಇದು ನನಗೆ ತುಂಬ ಇಷ್ಟ. ಒಮಾನ್‌ನ ಹಳ್ಳಿಗಳಿಗೆ ನೀರು ತರುವ ಕಾಲುವೆಗೆ ಫಲಜ್ ಅಂತಾರೆ. ಇಂಥ ಐದು ಫಲಜ್‌ಗಳು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನೀರನ್ನು ತೋಟಗಳಿಗೆ ಹೊತ್ತಿನ ಲೆಕ್ಕದಲ್ಲಿ ಹಂಚ್ತಾರೆ. ಅಥರ್ ಅಂದರೆ ಸುಮಾರು ಅರ್ಧ ಗಂಟೆಯ ಪಾಲು. ಹಗಲು ನೆರಳು ನೋಡಿ ಹೊತ್ತು ತಿಳೀತಿದ್ರು. ರಾತ್ರಿ? ನಕ್ಷತ್ರ ನೋಡಿ. ಇಂಥ ನಕ್ಷತ್ರ ಗುಡ್ಡದ ಅಂಚಿನಿಂದ ಮೇಲೆ ಬಂತು ಅಂದರೆ ಇಂಥವರ ಪಾಲು ಮುಗೀತು. ವಾಚು ಬಂದ ಮೇಲೂ ಕೆಲವು ಹಳ್ಳಿಗಳಲ್ಲಿ ಈ ಪದ್ಧತಿ ಉಳಿದಿತ್ತು.

ನಮ್ಮ ರೈತರೂ ಮಳೆಯನ್ನು ನಕ್ಷತ್ರದ ಹೆಸರಿನಿಂದಲೇ ಕರೀತಾರೆ: ರೋಹಿಣಿ, ಮೃಗಶಿರಾ, ಆರಿದ್ರಾ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ಗಾದೆಯೇ ಇದೆ. ಈ ಹೆಸರುಗಳನ್ನು ನಿಮ್ಮ ಮಕ್ಕಳಿಗೆ ಎಲ್ಲಿ ತೋರಿಸ್ತೀರಿ? ಮಸ್ಕತ್‌ನ ಬೀದಿದೀಪಗಳ ನಡುವೆ ಕಷ್ಟ. ಶರ್ಕಿಯಾ ಮರಳುಗಾಡಿನಲ್ಲಿ, ಚಳಿಗಾಲದ ಒಂದು ಅಮಾವಾಸ್ಯೆಯ ರಾತ್ರಿ, ರೋಹಿಣಿ ಕೆಂಪಗೆ ಕಾಣುತ್ತೆ. ಬೆರಳು ಚಾಚಿ ತೋರಿಸಬಹುದು.

ಹೋಗುವ ಮುಂಚೆ

ಒಂದಿಷ್ಟು ಮನೆಮಾತು. ಅಬ್ದುರ್ ರಜಾಕ್‌ನ ತಪ್ಪು ಮಾಡಬೇಡಿ: ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ವಾದಿಯ ಪಾತಳಿಯಲ್ಲಿ ಟೆಂಟು ಹಾಕಲೇಬೇಡಿ. ಅಲ್ಲಿ ಒಣಗಿದ್ದರೂ ದೂರದ ಬೆಟ್ಟದಲ್ಲಿ ಮಳೆ ಸುರಿದರೆ ನೋಡನೋಡುತ್ತಾ ನೀರು ನುಗ್ಗುತ್ತೆ. ತಲೆಗೆ ದಿನಕ್ಕೆ ಐದು ಲೀಟರಾದರೂ ನೀರಿರಲಿ. ಮರಳಿಗೆ ಒಂಟಿ ಗಾಡಿಯಲ್ಲಿ ಇಳಿಯಬೇಡಿ, ಅನುಭವಸ್ಥರ ಜೊತೆ ಹೋಗಿ. ಜಬಲ್ ಶಮ್ಸ್ ಮೂರು ಸಾವಿರ ಮೀಟರ್ ಆಸುಪಾಸಿನ ಬೆಟ್ಟ. ಚಳಿಗಾಲದ ರಾತ್ರಿ ಅಲ್ಲಿ ಕಂಬಳಿ ಒಂದು ಸಾಲದು. ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ, ಚೇಳು ಇರಬಹುದು. ಹಸಿ ಮರ ಕಡೀಬೇಡಿ. ಆ ಮರ ಯಾರದೋ ಮನೆ ಆಗಿತ್ತು ಅಂತ ಈಗ ಗೊತ್ತಲ್ಲ. ಆಮೆ ಮೊಟ್ಟೆಯಿಡುವ ಕಡಲತೀರದಲ್ಲಿ ದೀಪ ಹಚ್ಚಬೇಡಿ. ಆಯಾ ಜಾಗದ ನಿಯಮ ಮೊದಲೇ ಕೇಳಿಕೊಳ್ಳಿ. ತಂದ ಕಸ ವಾಪಸು ತನ್ನಿ. ಹತ್ತಿರದ ಬೀಡಿನಿಂದ ಯಾರಾದರೂ ಕಾಹ್ವಾ ಕುಡಿಯೋಕೆ ಕರೆದರೆ ಹೋಗಿ. ಸಾಕು ಅನ್ನಿಸಿದಾಗ ಖಾಲಿ ಲೋಟವನ್ನು ಸ್ವಲ್ಪ ಅಲ್ಲಾಡಿಸಿ ಕೊಡಿ, ಅವರಿಗೆ ಅರ್ಥವಾಗುತ್ತೆ. ಬುತ್ತಿಯಲ್ಲಿ ಚಿತ್ರಾನ್ನ ಇದ್ದರೆ ಅವರಿಗೂ ಒಂದಿಷ್ಟು ಕೊಡಿ.

ಇನ್ನು ಮಕ್ಕಳಿಗೆ ಒಂದು ಮಾತು, ಕನ್ನಡ ಕಲೀತಾ ಇದನ್ನು ಓದುತ್ತಿರುವ ನಿಮಗೇ. ಬೆಳಿಗ್ಗೆ ಬೇಗ ಏಳಿ. ಬಿಸಿಲು ಬರುವ ಮುಂಚೆ ಮರಳು ತಣ್ಣಗಿರುತ್ತೆ. ಟೆಂಟಿನ ಸುತ್ತ ರಾತ್ರಿ ಓಡಾಡಿದ ಹುಳ, ಓತಿ, ನರಿಗಳ ಹೆಜ್ಜೆ ಗುರುತು ಇರುತ್ತೆ. ಗಾಳಿ ಎದ್ದರೆ ಅಳಿಸಿಹೋಗುತ್ತೆ. ಅಷ್ಟರೊಳಗೆ ನೋಡಿ, ನೋಡಿದ್ದನ್ನ ಊರಿನ ಅಜ್ಜಿಗೆ ಫೋನ್ ಮಾಡಿ ಕನ್ನಡದಲ್ಲಿ ಹೇಳಿ. ಪದ ಸಿಗದೆ ಇದ್ದರೆ ಅಜ್ಜಿಯೇ ಕೊಡ್ತಾರೆ.

ಮುಂದೆ ಯಾವತ್ತೋ ಹಾಸ್ಟೆಲಿನಲ್ಲಿ "ನಿನ್ನೂರು ಯಾವುದು" ಅಂತ ಕೇಳಿದಾಗ, ಹೇಳೋಕೆ ಎರಡು ಊರೂ ಇರುತ್ತೆ.