ಇಂಗ್ಲಿಷ್ ಮೇಷ್ಟರ ಎರಡು ದಾರಿ

ಇಂಗ್ಲಿಷ್ ಅಧ್ಯಾಪಕರೆಂದರೆ ವ್ಯಾಕರಣ ಕಲಿಸಿ ಪರೀಕ್ಷೆ ದಾಟಿಸುವವರಷ್ಟೇ ಎಂದು ನಾವು ತಿಳಿದಿದ್ದೇವೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ನಮ್ಮ ಮಡಿಕೇರಿಯ ಸೆಂಟ್ರಲ್ ಶಾಲೆಯ ಮುಖ್ಯಸ್ಥರಾಗಿದ್ದ ಜರ್ಮನ್ ಪಾದ್ರಿ ರಿಕ್ಟರ್, 1870ರಲ್ಲಿ ಕೊಡಗಿನ ಕೈಪಿಡಿಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿ ಈ ನಾಡನ್ನು ಹೊರಜಗತ್ತಿಗೆ ಪರಿಚಯಿಸಿದರು. ಮೈಸೂರಿನ ಮಹಾರಾಜ ಕಾಲೇಜಿನ ಇಂಗ್ಲಿಷ್ ಅಧ್ಯಾಪಕ ಬಿ.ಎಂ. ಶ್ರೀಕಂಠಯ್ಯನವರು ಹಿಡಿದದ್ದು ಎದುರು ದಾರಿ. 1911ರಲ್ಲಿ ಧಾರವಾಡದಲ್ಲಿ ಕನ್ನಡದ ಏಳಿಗೆಯ ಬಗ್ಗೆ ಉಪನ್ಯಾಸ ನೀಡಿದ ಅವರು, 1926ರ 'ಇಂಗ್ಲಿಷ್ ಗೀತಗಳು' ಕೃತಿಯಲ್ಲಿ ಆಂಗ್ಲ ಕವಿತೆಗಳನ್ನು ಕನ್ನಡಕ್ಕೆ ತಂದರು.

ಒಬ್ಬರು ಇಲ್ಲಿಯದನ್ನು ಹೊರಗೆ ಒಯ್ದರು, ಇನ್ನೊಬ್ಬರು ಹೊರಗಿನದನ್ನು ಒಳಗೆ ತಂದರು. ಮನೆಯಲ್ಲಿ ಉರ್ದು, ಬ್ಯಾರಿ, ಮಲಯಾಳಂ ಆಡುವ ನಮ್ಮ ಮಕ್ಕಳಿಗೆ ಇಂಗ್ಲಿಷ್ ಬೇಕೇ ಬೇಕು. ಆದರೆ ಮನೆಮಾತನ್ನು ತರಗತಿಯ ಹೊರಗೆ ನಿಲ್ಲಿಸಿದರೆ ಅವರು ಎರಡೂ ಕಡೆ ತಡವರಿಸುತ್ತಾರೆ. ನಾಳೆ ಅಧ್ಯಾಪಕರಾಗಲಿರುವ ವಿದ್ಯಾರ್ಥಿಗಳೇ, ನೀವು ಸೇತುವೆಯಾಗಿರಿ, ಗೋಡೆಯಾಗಬೇಡಿ.